ಅರವತ್ತನಾಲ್ಕರಲ್ಲಿ ಒಂದು ಪಾಲು: ಮರದ ಹಾಯಿಹಡಗಿನ ಮಾದರಿ ಕಟ್ಟುವ ಬಗೆ

ಹಾಯಿಹಡಗಿನ ಅಳತೆ ಮಾದರಿಯೆಂದರೆ ಒಂದು ನಿರ್ದಿಷ್ಟ ಹಡಗನ್ನು, ಅದು ಒಂದು ನಿರ್ದಿಷ್ಟ ಕಾಲದಲ್ಲಿ ಇದ್ದ ಹಾಗೆ, ಎಲ್ಲ ಭಾಗಗಳನ್ನೂ ಒಂದೇ ಪ್ರಮಾಣಕ್ಕೆ ಇಳಿಸಿ ಮರದಲ್ಲಿ ಕಟ್ಟುವುದು. ಪ್ರವಾಸಿ ತಾಣಗಳ ಅಂಗಡಿಗಳಲ್ಲಿ ಸಿಗುವ, ಮೂರು ಕೋಲು ನೆಟ್ಟು ಬಟ್ಟೆ ಕಟ್ಟಿದ ಷೋಕೇಸು ಹಡಗಿಗೂ ಇದಕ್ಕೂ ಹೆಸರಿನ ಸಂಬಂಧ ಮಾತ್ರ. ಅಲ್ಲಿ ತೋಪಿನ ಕಿಂಡಿ ಎಲ್ಲಿದ್ದರೂ ನಡೆಯುತ್ತದೆ. ಇಲ್ಲಿ, ಮೂಲದ 64ರಲ್ಲಿ ಒಂದು ಪಾಲಿಗೆ ಇಳಿಸಿದ ಮಾದರಿಯಲ್ಲಿ, ಕಿಂಡಿ ಅರ್ಧ ಮಿಲಿಮೀಟರ್ ಜರುಗಿದರೆ ನಿಜವಾದ ಹಡಗಿನಲ್ಲಿ ಒಂದು ಅಂಗುಲಕ್ಕೂ ಹೆಚ್ಚು ಜರುಗಿದ ಲೆಕ್ಕ. ಹಾಗಾಗಿ ಈ ಕೆಲಸಕ್ಕೆ ಕೈಚಳಕಕ್ಕಿಂತ ಮೊದಲು ಬೇಕಾಗುವುದು ಓದು. ಹಡಗನ್ನು ಹೇಗೆ ಕಟ್ಟಿದ್ದರು ಎಂಬುದು ತಿಳಿಯದವರು ಅದರ ಮಾದರಿಯನ್ನೂ ಕಟ್ಟಲಾರರು.

ಈ ಕಲೆ ಮೂಲತಃ ಹವ್ಯಾಸವಾಗಿ ಬೆಳೆದದ್ದಲ್ಲ. 17ನೇ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ನೌಕಾ ಮಂಡಳಿಗಾಗಿ ಹಡಗುಗಳ ಮಾದರಿಗಳನ್ನು ಮಾಡಿಸುತ್ತಿದ್ದರು. ಅವುಗಳಲ್ಲಿ ಬಹುಪಾಲು 1:48ರ ಪ್ರಮಾಣದವು. ಅಂದರೆ ಒಂದು ಅಡಿಗೆ ಕಾಲು ಅಂಗುಲ. ಒಡಲಿನ ಕೆಳಭಾಗಕ್ಕೆ ಹಲಗೆ ಹೊದಿಸದೆ ಪಕ್ಕೆಮರಗಳು ಕಾಣುವಂತೆ ಬಿಡುವುದು ಅವುಗಳ ವಿಶೇಷ. ನೌಕಾಪಡೆಯ ಆಡಳಿತ ನೋಡಿಕೊಳ್ಳುತ್ತಿದ್ದ, ದಿನಚರಿಯಿಂದ ಪ್ರಸಿದ್ಧನಾದ ಸ್ಯಾಮ್ಯುಯೆಲ್ ಪೀಪ್ಸ್ ಇಂಥ ಮಾದರಿಗಳನ್ನು ಸಂಗ್ರಹಿಸಿ ಇಟ್ಟುಕೊಂಡಿದ್ದ. ಆ ಕಾಲದ ಅನೇಕ ಮಾದರಿಗಳು ಇಂದು ಲಂಡನ್ನಿನ ಗ್ರೀನಿಚ್‌ನಲ್ಲಿರುವ ರಾಷ್ಟ್ರೀಯ ನೌಕಾ ವಸ್ತುಸಂಗ್ರಹಾಲಯದಲ್ಲಿವೆ. ಮೂಲ ಹಡಗುಗಳು ಮುಳುಗಿ, ಸುಟ್ಟು, ಇಲ್ಲವೇ ಸೌದೆಯಾಗಿ ಹೋದ ಮೇಲೆ ಅವು ಹೇಗಿದ್ದವು ಎಂಬುದಕ್ಕೆ ಎಷ್ಟೋ ಕಡೆ ಈ ಮಾದರಿಗಳೇ ಸಾಕ್ಷಿ. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಸೆರೆಯಲ್ಲಿದ್ದ ಫ್ರೆಂಚ್ ಕೈದಿಗಳು ಊಟದ ಮಾಂಸದಲ್ಲಿ ಉಳಿದ ಮೂಳೆಗಳಿಂದ ಹಡಗು ಕೆತ್ತಿ ಮಾರುತ್ತಿದ್ದರು. ನೋಡಲು ಬೆರಗು ಹುಟ್ಟಿಸುವ ಕೆಲಸವಾದರೂ ಪ್ರಮಾಣ ಮಾತ್ರ ಹಲವು ಸಲ ತಪ್ಪು: ಕೈದಿಗಳ ಬಳಿ ನಕ್ಷೆ ಇರಲಿಲ್ಲ, ನೆನಪು ಮಾತ್ರ ಇತ್ತು.

ಮಾದರಿ ಕಟ್ಟುವ ಕ್ರಮವನ್ನು ಅರಿಯಲು ಒಂದು ಹಡಗನ್ನು ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು. ಅದಕ್ಕೆ ಎಚ್‌ಎಂಎಸ್ ಟ್ರಿಂಕೋಮಲಿ ತಕ್ಕ ಉದಾಹರಣೆ. ಇದು ಬ್ರಿಟಿಷ್ ನೌಕಾಪಡೆಯ ಫ್ರಿಗೇಟ್, ಅಂದರೆ ವೇಗದ ಮಧ್ಯಮ ಗಾತ್ರದ ಯುದ್ಧನೌಕೆ, ಆದರೆ ಹುಟ್ಟಿದ್ದು ಮುಂಬಯಿಯ ಹಡಗುಕಟ್ಟೆಯಲ್ಲಿ. ಅಲ್ಲಿನ ಪ್ರಸಿದ್ಧ ಪಾರ್ಸಿ ಹಡಗು ಕುಶಲಕರ್ಮಿಗಳ ಮನೆತನವಾದ ವಾಡಿಯಾಗಳಲ್ಲಿ ಒಬ್ಬರಾದ ಜಮ್ಶೆಟ್‌ಜೀ ಬೊಮಾನ್‌ಜೀ ಇದನ್ನು ಕಟ್ಟಿದರು. 1817ರ ಅಕ್ಟೋಬರ್ 12ರಂದು ಇದು ನೀರಿಗಿಳಿಯಿತು. ನೆಪೋಲಿಯನ್ ಯುದ್ಧಗಳಿಂದಾಗಿ ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಬರ ಬಂದಿತ್ತು. ಮುಂಬಯಿಗೆ ಹತ್ತಿರದಲ್ಲೇ ಮಲಬಾರಿನ ತೇಗವಿತ್ತು. ತೇಗದಲ್ಲಿ ಎಣ್ಣೆಯ ಅಂಶ ಹೆಚ್ಚು. ಕೊಳೆಯುವುದು ನಿಧಾನ, ಒಳಗೆ ಹೊಡೆದ ಕಬ್ಬಿಣದ ಮೊಳೆ ಬೋಲ್ಟುಗಳೂ ಬಾಳುತ್ತವೆ. ಓಕ್‌ನಲ್ಲಿರುವ ಆಮ್ಲ ಕಬ್ಬಿಣವನ್ನು ತಿನ್ನುತ್ತದೆ. ಇಂಗ್ಲೆಂಡಿನಲ್ಲಿ ಕಟ್ಟಿದ ಎಷ್ಟೋ ಹಡಗುಗಳು ಮಣ್ಣಾದ ಮೇಲೂ ಟ್ರಿಂಕೋಮಲಿ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ನೀರಿನ ಮೇಲೆ ನಿಂತಿದೆ. ತೇಲುತ್ತಿರುವ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಇದೇ ಅತ್ಯಂತ ಹಳೆಯದು.

ಇದರ ನಕ್ಷೆಗೂ ಒಂದು ಕಥೆಯಿದೆ. 1782ರಲ್ಲಿ ಬ್ರಿಟಿಷರು ಎಬೆ ಎಂಬ ಫ್ರೆಂಚ್ ಫ್ರಿಗೇಟನ್ನು ಸೆರೆಹಿಡಿದಾಗ ಅದರ ಒಡಲಿನ ಆಕಾರ ಅವರಿಗೆ ಬಹಳ ಹಿಡಿಸಿತು. ಅಳತೆ ತೆಗೆದು, ಅದೇ ರೇಖೆಗಳ ಮೇಲೆ ಲೀಡಾ ವರ್ಗದ ಹಡಗುಗಳನ್ನು ಕಟ್ಟಿದರು. ಟ್ರಿಂಕೋಮಲಿ ಈ ವರ್ಗಕ್ಕೆ ಸೇರಿದ್ದು. ಮುಂಬಯಿಗೆಂದು ಕಳಿಸಿದ ನಕ್ಷೆಗಳನ್ನು ಎಚ್‌ಎಂಎಸ್ ಜಾವಾ ಹೊತ್ತು ತರುತ್ತಿತ್ತು. 1812ರ ಡಿಸೆಂಬರಿನಲ್ಲಿ ಬ್ರೆಜಿಲ್ ತೀರದಾಚೆ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಎಂಬ ಫ್ರಿಗೇಟು ಜಾವಾವನ್ನು ಸೋಲಿಸಿತು. ಹಡಗಿನ ಜೊತೆ ನಕ್ಷೆಗಳೂ ಹೋದವು. ಇನ್ನೊಂದು ಪ್ರತಿ ಮಾಡಿಸಿ ಕಳಿಸುವ ಹೊತ್ತಿಗೆ ವರ್ಷಗಳೇ ಉರುಳಿದ್ದವು. ಅಂತೂ ಫ್ರೆಂಚರ ರೇಖೆ, ಇಂಗ್ಲಿಷರ ಆದೇಶ, ಪಾರ್ಸಿ ಮೇಸ್ತ್ರಿ, ಮಲಬಾರಿನ ಮರ, ಸಿಂಹಳದ ಬಂದರಿನ ಹೆಸರು ಎಲ್ಲ ಸೇರಿ ಈ ಹಡಗಾಯಿತು.

ಯಾವ ವರ್ಷದ ಹಡಗು?

ಮಾದರಿಕಾರ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು. ಹಡಗುಗಳು ಬದುಕಿನುದ್ದಕ್ಕೂ ಒಂದೇ ರೂಪದಲ್ಲಿ ಇರುವುದಿಲ್ಲ. ಟ್ರಿಂಕೋಮಲಿ 38 ತೋಪುಗಳ ಫ್ರಿಗೇಟೆಂಬ ದರ್ಜೆಯಲ್ಲಿ ಹುಟ್ಟಿತು. ಲೀಡಾ ವರ್ಗದ ಹಡಗುಗಳಲ್ಲಿ ಮುಖ್ಯ ತೋಪುಗಳು 18 ಪೌಂಡಿನ ಗುಂಡು ಹಾರಿಸುವ 28. ಆದರೆ ಹಡಗು 1819ರಲ್ಲಿ ಪೋರ್ಟ್ಸ್‌ಮತ್ ತಲುಪಿದಾಗ ಯುದ್ಧ ಮುಗಿದುಹೋಗಿತ್ತು. ಮೇಲೆ ಮಾಡು ಹೊದಿಸಿ ಎರಡೂವರೆ ದಶಕ ಅದನ್ನು ಕಟ್ಟಿಹಾಕಿದರು. 1845ರ ಸುಮಾರಿಗೆ 26 ತೋಪುಗಳ ಕಾರ್ವೆಟ್ ಎಂಬ ಕಿರಿಯ ದರ್ಜೆಯ ಹಡಗಾಗಿ ಮಾರ್ಪಡಿಸಿದಾಗ, ಚೌಕವಾಗಿದ್ದ ಹಿಂಬದಿಯನ್ನು ದುಂಡಾಗಿಸಿದರು. ಮೂತಿಯಲ್ಲಿ ಮುಂಡಾಸು ತೊಟ್ಟ ಭಾರತೀಯನ ಮರದ ಪ್ರತಿಮೆ ಬಂದದ್ದೂ ಆ ಕಾಲದಲ್ಲೇ. 1897ರಲ್ಲಿ ಖಾಸಗಿಯವರ ಕೈಗೆ ಹೋಗಿ, ಫೂಡ್ರಾಯಂಟ್ ಎಂಬ ಹೆಸರಿನ ತರಬೇತಿ ಹಡಗಾಯಿತು. ಮೂಲ ಹೆಸರು ಮರಳಿದ್ದು 1992ರಲ್ಲಿ. 1817ರ ಹಿಂಬದಿಗೆ 1845ರ ಮುಂಡಾಸಿನ ಪ್ರತಿಮೆ ಸೇರಿಸಿದರೆ ಅಂಥ ಹಡಗು ಎಂದೂ ಇರಲಿಲ್ಲ. ಕಣ್ಣಿಗೆ ಅಂದವಾಗಿ ಕಂಡದ್ದನ್ನೆಲ್ಲ ಒಂದೇ ಒಡಲಿಗೆ ಅಂಟಿಸುವ ಆಸೆಯೇ ಹವ್ಯಾಸಿಗಳ ಮಾದರಿಗಳನ್ನು ಹೆಚ್ಚಾಗಿ ಕೆಡಿಸುವುದು.

ಬಣ್ಣವೂ ಕಾಲಕ್ಕೆ ತಕ್ಕಂತೆ. ಟ್ರಫಾಲ್ಗರ್ ಕದನದ ಹೊತ್ತಿಗೆ ಬ್ರಿಟಿಷ್ ನೌಕಾಧಿಪತಿ ನೆಲ್ಸನ್ನನ ಹಡಗುಗಳ ಮೈಮೇಲೆ ಕಪ್ಪಿನ ನಡುವೆ ಹಳದಿ ಪಟ್ಟೆಗಳಿದ್ದವು. ಮುಂದೆ ಅವು ಬಿಳಿಯಾದವು. ಹಡಗಿನ ಕಾಲ ಗೊತ್ತಾದರೆ ಅರ್ಧ ಗೊಂದಲ ತಾನಾಗಿ ತೀರುತ್ತದೆ.

ಪ್ರಮಾಣ ಮತ್ತು ನಕ್ಷೆ

ಪ್ರಮಾಣವನ್ನು ನಿರ್ಧರಿಸುವುದು ಆಸೆಯಲ್ಲ, ಮನೆಯ ಜಾಗ. ಟ್ರಿಂಕೋಮಲಿಯ ತೋಪಿನ ಡೆಕ್ಕಿನ ಉದ್ದ ಸುಮಾರು 150 ಅಡಿ, ಅಗಲ ಸುಮಾರು 40 ಅಡಿ. 1:48ರಲ್ಲಿ ಆ ಡೆಕ್ಕು 95 ಸೆಂಟಿಮೀಟರ್ ಆಗುತ್ತದೆ, 1:64ರಲ್ಲಿ 71, 1:96ರಲ್ಲಿ 48. ಇದು ಒಡಲಿನ ಲೆಕ್ಕ ಮಾತ್ರ. ಮೂತಿಯಿಂದ ಮುಂದಕ್ಕೆ ಚಾಚುವ ದಂಡವನ್ನೂ ಸೇರಿಸಿದರೆ 1:64ರ ಮಾದರಿಯೂ ಒಂದು ಮೀಟರಿನ ಆಸುಪಾಸಿಗೆ ಬರುತ್ತದೆ. ಅದರ ಮೇಲೆ ಗಾಜಿನ ಪೆಟ್ಟಿಗೆ. ಬಾಡಿಗೆ ಮನೆಯಲ್ಲಿ ಇರುವವರು ಇದನ್ನು ಮೊದಲೇ ಅಳೆದು ನೋಡುವುದು ಕ್ಷೇಮ. ಪ್ರಮಾಣ ಕಿರಿದಾದಷ್ಟೂ ಕೆಲಸ ಸುಲಭವೆಂಬುದು ತಪ್ಪು ಎಣಿಕೆ. 1:96ರಲ್ಲಿ ಹಗ್ಗ ಕಟ್ಟಲು ಚಿಮುಟವೇ ದೊಡ್ಡದಾಗಿ ಕಾಣುತ್ತದೆ. 1:64ರಲ್ಲಿ ಐದೂವರೆ ಅಡಿಯ ನಾವಿಕ 26 ಮಿಲಿಮೀಟರ್ ಎತ್ತರ. ಮಾದರಿಯ ಯಾವ ಭಾಗದ ಪಕ್ಕದಲ್ಲಾದರೂ ಆ ಎತ್ತರದ ಕಾಗದದ ಮನುಷ್ಯನನ್ನು ನಿಲ್ಲಿಸಿ ನೋಡಿದರೆ ಅಳತೆ ತಪ್ಪಿದ್ದು ಥಟ್ಟನೆ ಗೊತ್ತಾಗುತ್ತದೆ. ಅವನ ಎದೆಯೆತ್ತರಕ್ಕೆ ಮೆಟ್ಟಿಲಿದ್ದರೆ ಅದನ್ನು ಹತ್ತುವವರು ಯಾರು?

ಹಡಗಿನ ನಕ್ಷೆಯಲ್ಲಿ ಮೂರು ನೋಟಗಳಿರುತ್ತವೆ. ಪಕ್ಕದಿಂದ ಕಾಣುವ ನೋಟ ಮೊದಲನೆಯದು. ಎರಡನೆಯದು ಮೇಲಿನಿಂದ ನೋಡಿದ್ದು. ಎಡಬಲಗಳು ಒಂದೇ ಆದ್ದರಿಂದ ಅಗಲದ ಅರ್ಧವನ್ನಷ್ಟೇ ಬರೆಯುತ್ತಾರೆ. ಮೂರನೆಯದು ಒಡಲಿನ ಅಡ್ಡಕೊಯ್ತ, ಬಲಕ್ಕೆ ಮುಂಭಾಗ, ಎಡಕ್ಕೆ ಹಿಂಭಾಗ. ಒಂದೇ ಬಿಂದು ಮೂರೂ ನೋಟಗಳಲ್ಲಿ ಒಂದೇ ಅಳತೆ ಕೊಡಬೇಕು. ಕೊಡದಿದ್ದರೆ ನಕಲು ತೆಗೆಯುವಾಗ ಕಾಗದ ಹಿಗ್ಗಿದೆ, ಇಲ್ಲವೇ ಯಂತ್ರ ಒಂದು ಕಡೆಗೆ ಎಳೆದಿದೆ. ನಕ್ಷೆಯ ಮೇಲಿನ ಅಳತೆಪಟ್ಟಿಯನ್ನು ಉದ್ದಕ್ಕೂ ಅಡ್ಡಕ್ಕೂ ಸ್ಕೇಲಿನಿಂದ ಪರೀಕ್ಷಿಸದೆ ಮರ ಕತ್ತರಿಸಬಾರದು. ಇನ್ನೊಂದು ಸಂಗತಿ ಹೊಸಬರ ಕಣ್ಣಿಗೆ ಬೀಳುವುದಿಲ್ಲ: ಬ್ರಿಟಿಷ್ ನೌಕಾಪಡೆಯ ನಕ್ಷೆಗಳು ತೋರಿಸುವುದು ಪಕ್ಕೆಮರಗಳ ಹೊರಮೈಯನ್ನು, ಹಲಗೆ ಹೊದಿಸಿದ ಮೇಲಿನ ಮೈಯನ್ನಲ್ಲ. ಅಡ್ಡಕೊಯ್ತದ ಆಕಾರಕ್ಕೆ ಸರಿಯಾಗಿ ಪಕ್ಕೆ ಕತ್ತರಿಸಿ, ಹಲಗೆಯನ್ನೂ ಪ್ರಮಾಣಕ್ಕೆ ತಕ್ಕ ದಪ್ಪದಲ್ಲೇ ಹೊದಿಸಿದರೆ ಸರಿಹೋಗುತ್ತದೆ. ದಪ್ಪ ಹಲಗೆ ಬಳಸಿದರೆ ಹಡಗಿಗೆ ಬೊಜ್ಜು ಬರುತ್ತದೆ.

ಯಾವ ಮರ?

ತೇಗದ ಹಡಗಿನ ಮಾದರಿಗೆ ತೇಗವೇ ಸರಿಯಲ್ಲವೇ ಎನಿಸುವುದು ಸಹಜ. ಸರಿಯಲ್ಲ. ಮರದ ನಾರು, ರಂಧ್ರಗಳನ್ನು ಯಾರೂ ಪ್ರಮಾಣಕ್ಕೆ ಇಳಿಸಲಾರರು. ತೇಗದ ರಂಧ್ರ ದೊಡ್ಡದು. 1:64ರ ಹಲಗೆಯಲ್ಲಿ ಅದು ಬೆರಳು ತೂರುವಷ್ಟು ಅಗಲದ ಬಿರುಕಿನಂತೆ ಕಾಣುತ್ತದೆ. ಮಾದರಿಗೆ ನಾರು ಕಾಣದಷ್ಟು ನುಣುಪಾದ, ಅಂಚು ಮುರಿಯದ ಮರ ಬೇಕು. ಯುರೋಪಿನವರು ಪೇರ್ ಮರ, ಬಾಕ್ಸ್‌ವುಡ್, ಲೈಮ್ ಮರಗಳನ್ನು ಬಳಸುತ್ತಾರೆ. ನಮ್ಮಲ್ಲಿ ಆ ಗುಣಕ್ಕೆ ಹತ್ತಿರವಾದದ್ದು ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆಮರ, ಕೆಲವರು ಹೇಳುವಂತೆ ಆಲೆಮರ: ತಿಳಿ ಬಣ್ಣ, ಸಣ್ಣ ನಾರು, ಉಳಿಗೆ ಮೆತ್ತಗೆ. ಹಡಗಿನ ಕಪ್ಪು ಭಾಗಗಳಿಗೆ ಹಿಂದೆ ಕರಿಮರ ಬಳಸುತ್ತಿದ್ದರು. ಅದರ ಧೂಳು ಮೂಗು, ಶ್ವಾಸಕೋಶ, ಚರ್ಮಗಳಿಗೆ ಕೆಟ್ಟದ್ದು. ತಿಳಿ ಮರಕ್ಕೆ ಕಪ್ಪು ಬಣ್ಣ ಕುಡಿಸುವುದೇ ಮೇಲು. ಯಾವ ಮರವಾದರೂ ಸರಿ, ಉಪ್ಪುಕಾಗದ ಉಜ್ಜುವಾಗ ಮುಖಕ್ಕೆ ಮಾಸ್ಕ್ ಇರಬೇಕು.

ಒಡಲು

ಒಡಲು ಕಟ್ಟಲು ಮೂರು ದಾರಿಗಳಿವೆ. ಮರದ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಹೊರಗಿನಿಂದ ಕೆತ್ತಿ ಆಕಾರ ಕೊಡುವುದು ಹಳೆಯ, ಗಟ್ಟಿ ದಾರಿ. ಮೂಲ ಹಡಗಿನಲ್ಲಿದ್ದ ಹಾಗೆ ಪ್ರತಿಯೊಂದು ಪಕ್ಕೆಮರವನ್ನೂ ತುಂಡುತುಂಡಾಗಿ ಜೋಡಿಸಿ ನಿಲ್ಲಿಸುವುದು ಇನ್ನೊಂದು. ಇದು ಅನುಭವಿಗಳಿಗೆ, ವರ್ಷಗಟ್ಟಲೆ ತಾಳ್ಮೆ ಇರುವವರಿಗೆ. ಇವೆರಡರ ನಡುವಿನದು ಅಡ್ಡಫಲಕದ ವಿಧಾನ. ಹೆಚ್ಚಿನವರು ಹಿಡಿಯುವುದು ಇದನ್ನೇ.

ಇಲ್ಲಿ ಮೊದಲು ಹಡಗಿನ ಉದ್ದಕ್ಕೂ ನಿಲ್ಲುವ ಒಂದು ಬೆನ್ನುಹಲಗೆಯನ್ನು ಐದಾರು ಮಿಲಿಮೀಟರ್ ದಪ್ಪದ ಒಳ್ಳೆಯ ಪ್ಲೈವುಡ್ಡಿನಲ್ಲಿ ಕತ್ತರಿಸುತ್ತಾರೆ. ಅದಕ್ಕೆ ಅಲ್ಲಲ್ಲಿ ಕಚ್ಚು ಕೊರೆದು ಹದಿನೈದಿಪ್ಪತ್ತು ಅಡ್ಡಫಲಕಗಳನ್ನು ಸಿಕ್ಕಿಸುತ್ತಾರೆ. ಅಡ್ಡಕೊಯ್ತದ ಆಕಾರ ಬರುವುದು ಈ ಫಲಕಗಳಿಂದ. ಬೆನ್ನುಹಲಗೆ ನೂಲು ಹಿಡಿದಷ್ಟು ನೆಟ್ಟಗಿರಬೇಕು. ಮಳೆಗಾಲದಲ್ಲಿ ಪ್ಲೈವುಡ್ ಸೊಟ್ಟಗಾಗುವುದುಂಟು. ಹಾಗಾದ ಹಲಗೆಯನ್ನು ಮುಂದೆ ಸರಿಪಡಿಸಬಹುದೆಂದು ನಂಬಿ ಇಟ್ಟುಕೊಳ್ಳಬಾರದು, ಬಿಸಾಡಬೇಕು. ಫಲಕಗಳು ಅದಕ್ಕೆ ಲಂಬವಾಗಿ ನಿಲ್ಲಬೇಕು. ಬಿಳಿ ಅಂಟು ಒಣಗುವವರೆಗೂ ಮೂಲೆಮಟ್ಟದಿಂದ ಒಂದೊಂದನ್ನೂ ನೋಡುತ್ತಿರುತ್ತಾರೆ. ಅಡಿಯಲ್ಲಿ ಹಡಗಿನ ಅಡಿಮರ, ಅಂದರೆ ಕೀಲ್, ಮುಂದೆ ಮೂತಿಕಂಬ, ಹಿಂದೆ ಚುಕ್ಕಾಣಿ ಕಂಬ ಕೂರುತ್ತವೆ. ಹಲಗೆಗಳ ಅಂಚು ಕೂರಲು ಇವುಗಳ ಉದ್ದಕ್ಕೂ ಒಂದು ತೋಡು ಕೊರೆದಿರಬೇಕು.

ಮುಂದಿನ ಹಂತ ಅಂಚು ಸವರುವುದು. ಮೂತಿ ಮತ್ತು ಹಿಂಬದಿಯ ಫಲಕಗಳ ಅಂಚು ಚೌಕವಾಗಿದ್ದರೆ ಹಲಗೆ ಒಂದು ಮೂಲೆಗಷ್ಟೇ ತಾಗುತ್ತದೆ. ತೆಳು ರೀಪೊಂದನ್ನು ಫಲಕಗಳ ಮೇಲೆ ಹಾಸಿ ನೋಡುತ್ತ, ಅದು ಪ್ರತಿ ಫಲಕಕ್ಕೂ ಪೂರ್ತಿ ಅಗಲದಲ್ಲಿ ತಾಗುವವರೆಗೆ ಅರದಿಂದ ಸವೆಸುತ್ತಾರೆ. ನೋಡುವವರಿಗೆ ಇದರಲ್ಲಿ ಏನೂ ಕಾಣುವುದಿಲ್ಲ, ಮಾಡುವವರಿಗೆ ಬೇಸರ. ಆದರೆ ಮುಗಿದ ಮಾದರಿಯ ಮೈಯಲ್ಲಿ ಉಬ್ಬುತಗ್ಗು ಕಂಡರೆ ಅದರ ಮೂಲ ನೂರಕ್ಕೆ ತೊಂಬತ್ತು ಸಲ ಇಲ್ಲೇ ಇರುತ್ತದೆ.

ಹಲಗೆ ಹೊದಿಸುವ ಲೆಕ್ಕ

ಮಾದರಿ ಕೆಲಸದಲ್ಲಿ ಹೆಚ್ಚು ಮಂದಿ ಕೈಚೆಲ್ಲುವುದು ಹಲಗೆ ಹೊದಿಸುವಾಗ. ಸಮ ಅಗಲದ ಪಟ್ಟಿಗಳನ್ನು ಒಂದರ ಪಕ್ಕ ಒಂದು ಅಂಟಿಸುತ್ತ ಹೋದರೆ ಸಾಕೆಂದು ಆರಂಭಿಸುತ್ತಾರೆ. ಹತ್ತು ಪಟ್ಟಿ ಆಗುವಷ್ಟರಲ್ಲಿ ಅವು ಮೂತಿಯ ಬಳಿ ಮೇಲಕ್ಕೆ ಬಾಗಿ, ಒಂದರ ಮೇಲೊಂದು ಏರುತ್ತವೆ. ಕಾರಣ ಸರಳ. ಹಡಗಿನ ಮೈ ನಡುವೆ ದಪ್ಪ, ತುದಿಗೆ ಸಣ್ಣ. ನಡುಭಾಗದಲ್ಲಿ ಮೇಲಿನ ಅಂಚಿನಿಂದ ಅಡಿಮರದವರೆಗಿನ ಮೈಯಳತೆ 140 ಮಿಲಿಮೀಟರ್, ಮೂತಿಯ ಬಳಿ 90 ಎಂದಿಟ್ಟುಕೊಳ್ಳೋಣ. ನಡುವೆ 4 ಮಿಲಿಮೀಟರ್ ಅಗಲದ 35 ಪಟ್ಟಿಗಳು ಹಿಡಿಸುತ್ತವೆ. ಅದೇ 35 ಪಟ್ಟಿಗಳು ಮೂತಿಯಲ್ಲಿ 90 ಮಿಲಿಮೀಟರಿನೊಳಗೆ ಕೂರಬೇಕಾದರೆ ಪ್ರತಿಯೊಂದೂ ಅಲ್ಲಿ 2.6 ಮಿಲಿಮೀಟರಿಗೆ ಕಿರಿದಾಗಬೇಕು. ಹಾಗಾಗಿ ಪ್ರತಿ ಪಟ್ಟಿಯನ್ನೂ ತೋಪಡದಿಂದ ತುದಿಗೆ ಸಣ್ಣ ಮಾಡುತ್ತಾರೆ. ಪಟ್ಟಿ ತನ್ನ ಅಗಲದ ಅರ್ಧಕ್ಕಿಂತ ಸಣ್ಣದಾಗಬೇಕಾಗಿ ಬಂದರೆ ಮೂಲ ಹಡಗಿನ ಬಡಗಿ ಎರಡು ಹಲಗೆಗಳನ್ನು ಅಲ್ಲಿಗೆ ನಿಲ್ಲಿಸಿ, ಮುಂದಕ್ಕೆ ಒಂದನ್ನೇ ಒಯ್ಯುತ್ತಿದ್ದ. ಮೊನೆಯಂಥ ಹಲಗೆ ಮೊಳೆ ಹಿಡಿಯುವುದಿಲ್ಲ. ಹಿಂಬದಿಯಲ್ಲಿ ಇದರ ಉಲ್ಟಾ, ಮೈ ಹರಡಿಕೊಳ್ಳುವುದರಿಂದ ನಡುವೆ ಹೆಚ್ಚುವರಿ ಹಲಗೆ ಸೇರಿಸಬೇಕು.

ಕೆಲಸ ಶುರುವಾಗುವುದು ಒಡಲಿನ ನಡುವಿನ ದಪ್ಪ ಹಲಗೆಪಟ್ಟಿಯಿಂದ. ಇಂಗ್ಲಿಷರು ಅದನ್ನು ವೇಲ್ ಎನ್ನುತ್ತಾರೆ. ಹಡಗಿನ ಉದ್ದಕ್ಕೂ ಚೆಲುವಾಗಿ ಬಾಗುವ ಅದರ ರೇಖೆ ತಪ್ಪಿದರೆ ಉಳಿದೆಲ್ಲವೂ ತಪ್ಪುತ್ತದೆ. ಅಲ್ಲಿಂದ ಕೆಳಕ್ಕೆ ಮೈಯನ್ನು ಮೂರ್ನಾಲ್ಕು ಪಟ್ಟೆಗಳಾಗಿ ವಿಂಗಡಿಸಿ, ಪ್ರತಿ ಫಲಕದ ಮೇಲೂ ಪೆನ್ಸಿಲ್ ಗುರುತು ಹಾಕಿ, ಒಂದೊಂದು ಪಟ್ಟೆಯನ್ನೂ ಮುಗಿಸುತ್ತ ಹೋಗುತ್ತಾರೆ. ಎಡಕ್ಕೊಂದು ಹಲಗೆ ಹಾಕಿದರೆ ಬಲಕ್ಕೂ ಒಂದು ಹಾಕಲೇಬೇಕು. ಒಂದೇ ಕಡೆ ಎಳೆತ ಬಿದ್ದರೆ ಬೆನ್ನುಹಲಗೆ ತಿರುಚಿಕೊಳ್ಳುತ್ತದೆ. ಮರವನ್ನು ನೀರಿನಲ್ಲಿ ನೆನೆಸಿ, ಬಿಸಿ ಮಾಡಿದ ಕಬ್ಬಿಣದ ಕೊಳವೆಗೆ ಒತ್ತಿ ಬಗ್ಗಿಸುತ್ತಾರೆ. ಚಪ್ಪಟೆ ಮೈ ಕಡೆಗೆ ಮರ ಸಲೀಸಾಗಿ ಬಾಗುತ್ತದೆ, ಅಂಚಿನ ಕಡೆಗೆ ಬಾಗುವುದಿಲ್ಲ. ಬಲವಂತ ಮಾಡಿದರೆ ಒಂದು ಅಂಚು ಎದ್ದು ನಿಲ್ಲುತ್ತದೆ. ಅಂಥಲ್ಲಿ ಅಗಲವಾದ ಹಲಗೆಯಿಂದಲೇ ಬಾಗಿದ ಆಕಾರವನ್ನು ಕತ್ತರಿಸಿಕೊಳ್ಳಬೇಕು. ಹಡಗುಕಟ್ಟೆಯ ಬಡಗಿಗಳು ಮಾಡುತ್ತಿದ್ದುದೂ ಅದನ್ನೇ.

ನಿಜವಾದ ಹಡಗಿನಲ್ಲಿ ಮೂತಿಯಿಂದ ಹಿಂಬದಿಯವರೆಗೆ ಒಂದೇ ಹಲಗೆ ಇರುವುದಿಲ್ಲ. ಅಷ್ಟುದ್ದದ ಮರವೇ ಸಿಗದು. ಇಪ್ಪತ್ತು ಇಪ್ಪತ್ತೈದು ಅಡಿಯ ತುಂಡುಗಳ ತುದಿ ಸೇರಿಸುತ್ತಿದ್ದರು. ಮಾದರಿಯಲ್ಲಿ ಅದು ಹತ್ತು ಹನ್ನೆರಡು ಸೆಂಟಿಮೀಟರ್. ಒಂದೇ ಪಕ್ಕೆಮರದ ಮೇಲೆ ಎರಡು ಜೋಡಣೆಗಳು ಬರಬೇಕಾದರೆ ನಡುವೆ ಮೂರು ಪೂರ್ತಿ ಹಲಗೆಗಳು ಇರಲೇಬೇಕೆಂಬುದು ಬ್ರಿಟಿಷ್ ಕಟ್ಟೆಗಳ ನಿಯಮ. ಹಲಗೆಗಳನ್ನು ಪಕ್ಕೆಗೆ ಹಿಡಿಸುತ್ತಿದ್ದ ಮರದ ಗೂಟಗಳನ್ನು ಮಾದರಿಯಲ್ಲಿ ಬಿದಿರಿನಿಂದ ಮಾಡುತ್ತಾರೆ. ಸೀಳಿದ ಬಿದಿರಿನ ಎಳೆಯನ್ನು, ಅಕ್ಕಸಾಲಿಗರು ತಂತಿ ಎಳೆಯುವ ಕಂಬಚ್ಚಿನಂಥ ತೂತಿನ ಉಕ್ಕಿನ ಹಲಗೆಯಲ್ಲಿ ಒಂದಕ್ಕಿಂತ ಒಂದು ಸಣ್ಣ ತೂತಿನ ಮೂಲಕ ಎಳೆದರೆ ಅರ್ಧ ಮಿಲಿಮೀಟರಿನ ಕಡ್ಡಿ ಸಿಗುತ್ತದೆ. ಸಾವಿರಾರು ತೂತು, ಸಾವಿರಾರು ಕಡ್ಡಿ. ಇದನ್ನು ಬಿಟ್ಟರೂ ಮಾದರಿಗೆ ಕುಂದಿಲ್ಲ; ತಿಳಿ ಮರದಲ್ಲಿ ಕಡುಬಣ್ಣದ ಚುಕ್ಕಿಗಳಾಗಿ ಎದ್ದು ಕಾಣುವ ಗೂಟಗಳಿಗಿಂತ ಗೂಟವಿಲ್ಲದ ಮೈಯೇ ನಿಜಕ್ಕೆ ಹತ್ತಿರ.

ನೀರಿನ ಮಟ್ಟದ ಕೆಳಗೆ ತಾಮ್ರದ ಹೊದಿಕೆ. ಮರ ಕೊರೆಯುವ ಸಮುದ್ರದ ಹುಳು ಮತ್ತು ಅಂಟಿಕೊಳ್ಳುವ ಪಾಚಿ, ಚಿಪ್ಪುಗಳಿಂದ ರಕ್ಷಣೆಗಾಗಿ ಬ್ರಿಟಿಷ್ ನೌಕಾಪಡೆ 1761ರಲ್ಲಿ ಅಲಾರಂ ಎಂಬ ಫ್ರಿಗೇಟಿನ ಮೇಲೆ ಇದನ್ನು ಪ್ರಯೋಗಿಸಿತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಎಲ್ಲ ಹಡಗುಗಳಿಗೂ ಬಂತು. 4 ಅಡಿ ಉದ್ದ, 14 ಅಂಗುಲ ಅಗಲದ ತಗಡುಗಳು. 1:64ರಲ್ಲಿ 19 ಮಿಲಿಮೀಟರ್‌ಗೆ ಐದೂವರೆ. ಹಿಂದೆ ಅಂಟಿರುವ ತಾಮ್ರದ ಟೇಪನ್ನು ಈ ಅಳತೆಗೆ ಕತ್ತರಿಸಿ, ಹಿಂಬದಿಯಿಂದ ಆರಂಭಿಸಿ ಮೂತಿಯ ಕಡೆಗೆ, ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಅಂಟಿಸುತ್ತಾರೆ. ಮುಂದಿನ ತಗಡು ಹಿಂದಿನದರ ಮೇಲಿದ್ದರೆ ಓಡುವ ಹಡಗಿನಲ್ಲಿ ನೀರು ಅಂಚನ್ನು ಎಬ್ಬಿಸುವುದಿಲ್ಲ. ಕೆಲವು ಸಿದ್ಧ ಕಿಟ್ಟುಗಳ ತಗಡಿನ ಮೇಲೆ ಮೊಳೆತಲೆಗಳು ಗುಳ್ಳೆಗಳ ಹಾಗೆ ಉಬ್ಬಿರುತ್ತವೆ. ಅಸಲು ಮೊಳೆಗಳು ತಗಡಿನ ಮಟ್ಟಕ್ಕೆ ಇಳಿದಿರುತ್ತಿದ್ದವು. ಈ ಪ್ರಮಾಣದಲ್ಲಿ ಅವು ಕಾಣಲೇಬಾರದು.

ಡೆಕ್ಕು ಮತ್ತು ತೋಪು

ಡೆಕ್ಕು ಎರಡು ದಿಕ್ಕಿಗೆ ಬಾಗಿರುತ್ತದೆ: ಉದ್ದಕ್ಕೆ ತುದಿಗಳು ಮೇಲೆ, ಅಡ್ಡಕ್ಕೆ ನಡು ಮೇಲೆ. ನೀರು ಪಕ್ಕಕ್ಕೆ ಹರಿದು ಹೋಗಲು ಈ ಏರ್ಪಾಡು. ಹಲಗೆಗಳ ಸಂದಿಗೆ ಹಳೆಯ ಹಗ್ಗದ ನಾರು ತುಂಬಿ ಅದರ ಮೇಲೆ ಕೀಲು ಎರೆಯುತ್ತಿದ್ದುದನ್ನು ತೋರಿಸಲು ಮಾದರಿಕಾರರು ಪಟ್ಟಿಯ ಒಂದು ಅಂಚಿಗೆ ಮೆತ್ತನೆಯ ಪೆನ್ಸಿಲ್ ಉಜ್ಜುತ್ತಾರೆ. ಅಷ್ಟು ಸಾಕು.

ತೋಪಿನ ಕಿಂಡಿಗಳಲ್ಲಿ ಎಚ್ಚರ ಬೇಕು. ಅವು ಹೊರ ಹಲಗೆಗಳ ರೇಖೆಯನ್ನಲ್ಲ, ಒಳಗಿನ ಡೆಕ್ಕಿನ ರೇಖೆಯನ್ನು ಅನುಸರಿಸುತ್ತವೆ. ಕಿಂಡಿಯ ಕೆಳ ಅಂಚು ಡೆಕ್ಕಿಗೆ ಸಮಾನಾಂತರ, ಪಕ್ಕದ ಅಂಚುಗಳು ನೆಟ್ಟಗೆ ಲಂಬ. ತೋಪಿನ ಗಾಡಿಗಳು ಒಂದೇ ತೆರನಾಗಿರಲು ಮೊದಲು ಒಂದು ಅಚ್ಚುಚೌಕಟ್ಟು ಮಾಡಿಕೊಂಡು, ಎಲ್ಲ ಪಕ್ಕಹಲಗೆಗಳನ್ನು ಒಟ್ಟಿಗೆ, ಎಲ್ಲ ಗಾಲಿಗಳನ್ನು ಒಟ್ಟಿಗೆ ಕತ್ತರಿಸಿ ಆ ಚೌಕಟ್ಟಿನಲ್ಲಿ ಜೋಡಿಸುತ್ತಾರೆ. ಒಂದೊಂದು ಗಾಡಿಯನ್ನೂ ಬೇರೆಬೇರೆ ಮಾಡಿದರೆ ಸಾಲಾಗಿ ನಿಲ್ಲಿಸಿದಾಗ ಅಂಕುಡೊಂಕು ಎದ್ದು ಕಾಣುತ್ತದೆ.

ಕೂವೆ ಮತ್ತು ಹಗ್ಗ

ಟ್ರಿಂಕೋಮಲಿಗೆ ಹಾಯಿ ಹೊರುವ ಮೂರು ಕೂವೆಮರಗಳು, ಪ್ರತಿಯೊಂದೂ ಮೂರು ತುಂಡು. ಕೂವೆಯನ್ನು ದುಂಡಗಿನ ಕಡ್ಡಿಯಿಂದ ಮಾಡುವುದಕ್ಕಿಂತ ಚೌಕ ಮರದಿಂದ ಮಾಡುವುದು ಒಳ್ಳೆಯದು. ಮೊದಲು ನಾಲ್ಕೂ ಮೈಯನ್ನು ತುದಿಗೆ ಸಣ್ಣ ಮಾಡಿ, ಮೂಲೆ ತೆಗೆದು ಎಂಟು ಮೈ, ಮತ್ತೆ ಹದಿನಾರು, ಕೊನೆಗೆ ಉಪ್ಪುಕಾಗದದಿಂದ ದುಂಡು. ಹಡಗುಕಟ್ಟೆಯಲ್ಲೂ ಇದೇ ಕ್ರಮ.

ಹಗ್ಗಗಳಲ್ಲಿ ಎರಡು ಜಾತಿ. ಕೂವೆಯನ್ನು ಬಿಗಿದು ನಿಲ್ಲಿಸುವ ಹಗ್ಗಗಳು ಅಲ್ಲಾಡುವುದಿಲ್ಲ. ಮಳೆ ಬಿಸಿಲಿಗೆ ಕೆಡದಿರಲೆಂದು ಅವಕ್ಕೆ ಟಾರು ಬಳಿಯುತ್ತಿದ್ದರು, ಹಾಗಾಗಿ ಕಪ್ಪು ಅಥವಾ ಕಡುಕಂದು. ಹಾಯಿ ಮತ್ತು ಅಡ್ಡದಂಡಗಳನ್ನು ಎಳೆದಾಡಿಸುವ ಹಗ್ಗಗಳು ರಾಟೆಗಳಲ್ಲಿ ಓಡಬೇಕಾದ್ದರಿಂದ ತಿಳಿ ಕಂದು. ಎಲ್ಲ ದಾರವನ್ನೂ ಒಂದೇ ಬಣ್ಣದಲ್ಲಿ ಕಟ್ಟಿದ ಮಾದರಿಯನ್ನು ದೂರದಿಂದಲೇ ಗುರುತಿಸಬಹುದು. ಹಗ್ಗದ ದಪ್ಪದ ಲೆಕ್ಕದಲ್ಲಿ ಹೊಸಬರು ಎಡವುತ್ತಾರೆ. ಹಳೆಯ ಕೋಷ್ಟಕಗಳಲ್ಲಿ, ಉದಾಹರಣೆಗೆ ಡೇವಿಡ್ ಸ್ಟೀಲ್ 1794ರಲ್ಲಿ ಪ್ರಕಟಿಸಿದ ಕೂವೆ ಮತ್ತು ಹಗ್ಗಗಳ ಕೈಪಿಡಿಯಲ್ಲಿ, 6 ಅಂಗುಲದ ಹಗ್ಗವೆಂದರೆ ಸುತ್ತಳತೆ 6 ಅಂಗುಲ, ವ್ಯಾಸವಲ್ಲ. 3.14ರಿಂದ ಭಾಗಿಸಿದರೆ ವ್ಯಾಸ 48 ಮಿಲಿಮೀಟರ್ ಚಿಲ್ಲರೆ. 64ರಿಂದ ಭಾಗಿಸಿದರೆ ಮುಕ್ಕಾಲು ಮಿಲಿಮೀಟರ್. ಈ ಲೆಕ್ಕ ಮರೆತರೆ ಹಗ್ಗಗಳು ಮೂರು ಪಟ್ಟು ದಪ್ಪವಾಗುತ್ತವೆ.

ಹೊಲಿಗೆ ದಾರವನ್ನೇ ಕಟ್ಟುವವರಿದ್ದಾರೆ. ಅದಕ್ಕೆ ಹಗ್ಗದ ಹುರಿ ಕಾಣುವುದಿಲ್ಲ. ಮೂರು ಎಳೆಗಳನ್ನು ಕೊಕ್ಕೆಗಳಿಗೆ ಸಿಕ್ಕಿಸಿ ಒಂದು ಕಡೆಗೆ ಹುರಿದು, ಮೂರನ್ನೂ ಸೇರಿಸಿ ಉಲ್ಟಾ ತಿರುಗಲು ಬಿಟ್ಟರೆ ನಿಜವಾದ ಹಗ್ಗ ಹುಟ್ಟುತ್ತದೆ. ಕೈಯಲ್ಲಿ ತಿರುಗಿಸುವ ಪುಟ್ಟ ಯಂತ್ರವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಹತ್ತಿ ದಾರ ತೇವಕ್ಕೆ ಬಿಗಿಯುತ್ತದೆ, ಒಣಗಿದಾಗ ಸಡಿಲವಾಗುತ್ತದೆ. ಕರಾವಳಿಯ ಹವೆಗೆ ಒಳ್ಳೆಯ ಪಾಲಿಯೆಸ್ಟರ್ ದಾರ ವಾಸಿ. ಕಟ್ಟುವ ಕ್ರಮ ಒಳಗಿನಿಂದ ಹೊರಗೆ, ಕೆಳಗಿನಿಂದ ಮೇಲಕ್ಕೆ. ಕೂವೆಯ ಪಕ್ಕದ ಬಿಗಿಹಗ್ಗಗಳು ಜೋಡಿಜೋಡಿಯಾಗಿ, ಬಲಗಡೆಯ ಮುಂದಿನ ಜೋಡಿ ಮೊದಲು, ಆಮೇಲೆ ಎಡ, ಮತ್ತೆ ಬಲ. ಅವುಗಳಿಗೆ ಅಡ್ಡಲಾಗಿ ನಾವಿಕರು ಹತ್ತುವ ಏಣಿಹಗ್ಗಗಳು, 13 ಅಂಗುಲಕ್ಕೊಂದು, ಅಂದರೆ ಮಾದರಿಯಲ್ಲಿ 5 ಮಿಲಿಮೀಟರಿಗೊಂದು. ಬಿಗಿಹಗ್ಗವನ್ನು ಒಳಕ್ಕೆ ಸೆಳೆಯದಷ್ಟೇ ಬಿಗಿಯಾಗಿ ಸಾವಿರಾರು ಗಂಟು ಹಾಕಬೇಕು. ರೇಡಿಯೋ ಕೇಳುತ್ತ ಮಾಡುವ ಕೆಲಸ ಇದು.

ಹಾಯಿಗಳನ್ನು ಬಿಟ್ಟುಬಿಡುವುದೇ ಲೇಸೆಂದು ಅನುಭವಿಗಳಲ್ಲಿ ಅನೇಕರ ಮತ. ಎಷ್ಟೇ ತೆಳು ಬಟ್ಟೆಯಾದರೂ ಅದರ ನೇಯ್ಗೆ 64 ಪಟ್ಟು ದೊಡ್ಡದಾಗಿ ಕಾಣುತ್ತದೆ, ತಿಂಗಳುಗಟ್ಟಲೆ ಕಟ್ಟಿದ ಹಗ್ಗಗಳನ್ನೂ ಮುಚ್ಚಿಬಿಡುತ್ತದೆ.

ಇಂಥ ಮಾದರಿಗೆ ಸಾವಿರಕ್ಕೂ ಹೆಚ್ಚು ಗಂಟೆಗಳ ಕೆಲಸ ಹಿಡಿಯುವುದು ಸಾಮಾನ್ಯ. ಮುಗಿದ ಮೇಲೆ ಗಾಜಿನ ಪೆಟ್ಟಿಗೆ ಬೇಕೇ ಬೇಕು. ಹಗ್ಗಗಳ ನಡುವೆ ಕೂತ ಧೂಳನ್ನು ತೆಗೆಯಲು ಹೋದವರು ಹಗ್ಗ ಹರಿಯದೆ ಬಂದದ್ದಿಲ್ಲ. ಪೆಟ್ಟಿಗೆಗೆ ಓಕ್ ಬೇಡ. ಮುಚ್ಚಿದ ಜಾಗದಲ್ಲಿ ಅದರ ಆಮ್ಲದ ಆವಿ ಸೀಸದ ತೋಪು, ಪ್ರತಿಮೆಗಳನ್ನು ಬಿಳಿ ಪುಡಿಯಾಗಿಸುತ್ತದೆ.

ಮೂರು ಕೂವೆಯ ಫ್ರಿಗೇಟು ಮೊದಲ ಮಾದರಿಗೆ ಹೇಳಿ ಮಾಡಿಸಿದ್ದಲ್ಲ. ನಮ್ಮ ಕಡೆಯವರಿಗೆ ಅದಕ್ಕಿಂತ ಒಳ್ಳೆಯ ಆರಂಭ ಪಶ್ಚಿಮ ಕರಾವಳಿಯ ಪತ್ತೆಮಾರಿ. ಮುಂಬಯಿಯಿಂದ ಮಂಗಳೂರು, ಮಲಬಾರಿನವರೆಗೆ ಸರಕು ಸಾಗಿಸಿದ ಈ ಹಡಗುಗಳನ್ನು ಮೇಸ್ತ್ರಿಗಳು ಕಾಗದದ ನಕ್ಷೆಯಿಲ್ಲದೆ ಕಣ್ಣಳತೆ, ಕೈಯಳತೆಯಲ್ಲಿ ಕಟ್ಟುತ್ತಿದ್ದುದರಿಂದ ಅವುಗಳ ರೇಖೆಗಳು ಉಳಿದದ್ದೇ ಅಪರೂಪ. ಸಿಂಹಳದ ಟ್ರಿಂಕೋಮಲಿ ನೌಕಾಕಟ್ಟೆಯಲ್ಲಿ ಮುಖ್ಯ ಹಡಗುಕರ್ಮಿಯಾಗಿದ್ದ ಜಾನ್ ಎಡೈ ಎಂಬಾತ ಈ ತೀರದ ದೋಣಿ ಹಡಗುಗಳನ್ನು ಅಳೆದು ಚಿತ್ರಗಳ ಸಮೇತ ಬರೆದ ಪ್ರಬಂಧ 1834ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಅದರಲ್ಲಿ ಪತ್ತೆಮಾರಿಯೂ ಇದೆ: ಉದ್ದ ಸುಮಾರು 76 ಅಡಿ. 1:48ರಲ್ಲಿ ಇದು 19 ಅಂಗುಲದ ಒಡಲು. ಎರಡೇ ಕೂವೆ, ಕೆಲವೇ ಹಗ್ಗ. ಸಾಮಾನ್ಯ ಮೇಜಿನ ಮೇಲೆ ಕಟ್ಟಿ ಮುಗಿಸಬಹುದು.